ಮಾರತ್ತಹಳ್ಳಿಯಲ್ಲಿ ಸೆನೆಕ: ಸ್ಟೋಯಿಕ್ ದರ್ಶನದ ಇಂದಿನ ಬಳಕೆಯನ್ನು ಕುರಿತ ಒಂದು ವಿಮರ್ಶೆ

ರೋಮ್ ಸಾಮ್ರಾಜ್ಯವು ಬೆಂಗಳೂರಿನ ನೆಲದಲ್ಲಿ ಬಿಟ್ಟುಹೋದ ಗುರುತುಗಳು ನಾಣ್ಯರೂಪದವು. 1891ರಲ್ಲಿ ಯಶವಂತಪುರದಲ್ಲಿ 163 ಬೆಳ್ಳಿ ನಾಣ್ಯಗಳೂ, 1965ರಲ್ಲಿ ಎಚ್.ಎ.ಎಲ್. ವಿಮಾನನಿಲ್ದಾಣದ ಆವರಣದಲ್ಲಿ 256 ಬೆಳ್ಳಿ ನಾಣ್ಯಗಳೂ ದೊರೆತ ಸಂಗತಿ ಇತಿಹಾಸದ ವಿದ್ಯಾರ್ಥಿಗಳಿಗೆ ಸುವಿದಿತವಾದುದೇ. ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಮುದ್ರೆಯುಳ್ಳ ಈ ನಾಣ್ಯಗಳು ಯಾವ ಕಾಲಕ್ಕೆ ಸೇರಿದವೋ ಸೆನೆಕನು ಹುಟ್ಟಿ ಬೆಳೆದದ್ದೂ ಅದೇ ಕಾಲದಲ್ಲಿ. ಈಗ ಆ ವಿಮಾನನಿಲ್ದಾಣದ ಮಗ್ಗುಲಲ್ಲಿರುವ ಮಾರತ್ತಹಳ್ಳಿಗೆ ಆ ಕಾಲದ ವಿಚಾರಗಳೂ ಬಂದು ತಲುಪಿವೆ. ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರ ಮೊಬೈಲುಗಳಲ್ಲಿ ಬೆಳಗಿಗೊಂದರಂತೆ ಎಪಿಕ್ಟೀಟಸನ ನುಡಿ ಮೂಡುತ್ತದೆ. ಒತ್ತಡನಿವಾರಣೆಯ ಶಿಬಿರಗಳಲ್ಲಿ ಮಾರ್ಕಸ್ ಅರೀಲಿಯಸನ ಹೆಸರು ಕೇಳಿಬರುತ್ತದೆ. ನಾಣ್ಯಗಳನ್ನು ಪರೀಕ್ಷಿಸಿದಂತೆ ಈ ನುಡಿಗಳನ್ನೂ ಪರೀಕ್ಷಿಸಬೇಕಾದುದು ನ್ಯಾಯ. ಪ್ರಸ್ತುತ ಲೇಖನದಲ್ಲಿ ನಾವು ಕೈಗೊಂಡಿರುವುದು ಅದನ್ನೇ.

ಪ್ರಾಚೀನ ತತ್ತ್ವವನ್ನು ದಿನನಿತ್ಯದ ಬಾಳಿಗೆ ಅನ್ವಯಿಸುವುದೇ ಅಪಚಾರವೆಂದು ಹೇಳುವ ಪಂಡಿತರ ಗುಂಪಿಗೆ ನಾವು ಸೇರಿದವರಲ್ಲ. ಕ್ರಿ.ಪೂ. 300ರ ಸುಮಾರಿಗೆ ಜೀನೋ ಎಂಬವನು ಪಾಠ ಹೇಳಲಾರಂಭಿಸಿದ್ದು ಆಥೆನ್ಸಿನ ಪೇಟೆಯಂಚಿನ, ಚಿತ್ರಗಳಿಂದ ಅಲಂಕೃತವಾದ ಒಂದು ಕಂಬಸಾಲೆಯಲ್ಲಿ. ಗ್ರೀಕರು ಅಂಥ ಸಾಲೆಯನ್ನು ‘ಸ್ಟೋಆ’ ಎನ್ನುತ್ತಿದ್ದರು. ಪಂಥಕ್ಕೆ ಹೆಸರು ಬಂದದ್ದು ಅದರಿಂದ. ಅರಣ್ಯದಲ್ಲಿ ಹುಟ್ಟಿದ ದರ್ಶನವಿದಲ್ಲ, ಸಂತೆಯ ಗದ್ದಲದಲ್ಲಿ ಹುಟ್ಟಿದ್ದು. ಫ್ರಾನ್ಸಿನ ವಿದ್ವಾಂಸ ಪಿಯೆರ್ ಅದೋ ಅವರು ತೋರಿಸಿಕೊಟ್ಟಿರುವಂತೆ, ಪ್ರಾಚೀನರಿಗೆ ತತ್ತ್ವವೆಂಬುದು ಓದಿ ಮುಗಿಸುವ ವಿಷಯವಾಗಿರದೆ ಗರಡಿಯ ಸಾಧನೆಯಂತೆ ನಿತ್ಯವೂ ಮಾಡಬೇಕಾದ ಅಭ್ಯಾಸವಾಗಿದ್ದಿತು. ಆದಕಾರಣ ಮಾರತ್ತಹಳ್ಳಿಯ ಸೇತುವೆಯ ಬಳಿ ಬಸ್ಸಿಗಾಗಿ ಕಾದು ನಿಂತವನು ಎಪಿಕ್ಟೀಟಸನನ್ನು ಸ್ಮರಿಸಿಕೊಂಡರೆ ಅಸಂಗತವೇನೂ ಇಲ್ಲ. ಸ್ನಾನಗೃಹಕ್ಕೆ ಹೊರಡುವ ಮುನ್ನವೇ ಅಲ್ಲಿ ನೀರೆರಚುವವರೂ ನೂಕುವವರೂ ಕದಿಯುವವರೂ ಇರುತ್ತಾರೆಂದು ಮನಸ್ಸಿಗೆ ತಂದುಕೊಳ್ಳಬೇಕೆಂದು ಆತನು ಹೇಳಿದ್ದಾನೆ. ಸ್ನಾನಗೃಹದ ಸ್ಥಾನದಲ್ಲಿ ಸಂಜೆಯ ಬಸ್ಸನ್ನು ಇಟ್ಟರೆ ಉಪದೇಶವು ಒಂದಕ್ಷರವೂ ಕೆಡದೆ ನಿಲ್ಲುತ್ತದೆ.

ನಮ್ಮ ಆಕ್ಷೇಪವಿರುವುದು ಬಳಕೆಯ ಬಗೆಗಲ್ಲ, ಕತ್ತರಿಯ ಬಗೆಗೆ. ಮೂಲದಲ್ಲಿ ಎರಡು ಭಾಗಗಳಾಗಿರುವ ಮಾತಿನ ಮೊದಲ ಭಾಗವನ್ನು ಮಾತ್ರ ಎತ್ತಿ, ಉಳಿದುದನ್ನು ಕೈಬಿಡುವ ಪದ್ಧತಿಯೊಂದು ಬೆಳೆದಿದೆ. ಇದಕ್ಕೆ ಸೆನೆಕನ 56ನೆಯ ಪತ್ರಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು.

ಆ ಪತ್ರವನ್ನು ಬರೆಯುವಾಗ ಸೆನೆಕನು ಒಂದು ಸಾರ್ವಜನಿಕ ಸ್ನಾನಗೃಹದ ಮೇಲೆಯೇ ವಾಸವಾಗಿದ್ದನು. ಕೆಳಗೆ ಸೀಸದ ಗುಂಡುಗಳನ್ನೆತ್ತಿ ಏದುಸಿರು ಬಿಡುವ ಪೈಲ್ವಾನರು, ಮೈ ತಿಕ್ಕುವವನ ಅಂಗೈ ಹೊಡೆತದ ಸದ್ದು, ಚೆಂಡಾಟದ ಲೆಕ್ಕ ಕೂಗುವವನು, ಸಿಕ್ಕಿಬಿದ್ದ ಕಳ್ಳ, ಸ್ನಾನ ಮಾಡುತ್ತ ತನ್ನ ಕಂಠಕ್ಕೆ ತಾನೇ ಮರುಳಾದ ಗಾಯಕ, ಕೊಳಕ್ಕೆ ಧುಮುಕುವವರು, ಗಿರಾಕಿಗಳನ್ನು ಕರೆಯಲು ಕೀರಲು ದನಿಯಲ್ಲಿ ಅರಚುವ ಕೂದಲು ಕೀಳುವವನು, ತಿಂಡಿಯನ್ನೂ ಮಾಂಸದ ಖಾದ್ಯವನ್ನೂ ಕೂಗಿ ಮಾರುವವರು: ಇವರೆಲ್ಲರನ್ನೂ ಆತನು ಒಬ್ಬೊಬ್ಬರನ್ನಾಗಿ ನಮ್ಮ ಕಿವಿಗೆ ತರುತ್ತಾನೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮುನ್ನೇಕೊಳಲಿನಲ್ಲಿ, ವ್ಯಾಯಾಮಶಾಲೆಯೊಂದರ ಮೇಲಿನ ಪಿ.ಜಿ.ಯಲ್ಲಿ, ಮೂವರು ಸಂಗಡಿಗರೊಡನೆ ಒಂದು ಕೋಣೆಯಲ್ಲಿದ್ದನು. ಈ ವರ್ಣನೆಯನ್ನು ಓದಿದಾಗ ಅವನು ನಕ್ಕು, ‘ಸಾರ್, ಇದರಲ್ಲಿ ಕೊಳ ಒಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮಲ್ಲಿದೆ’ ಎಂದನು. ಅವನಿಗೆ ಈ ಪತ್ರದ ಪರಿಚಯವಾದದ್ದು ಒಂದು ಶಿಬಿರದಲ್ಲಿ. ಮನಸ್ಸು ಸ್ವಸ್ಥವಾಗಿದ್ದರೆ ಹೊರಗಿನ ಸದ್ದು ಬಾಧಿಸದೆಂಬುದೇ ಪತ್ರದ ಸಾರವೆಂದು ಅಲ್ಲಿ ಹೇಳಿಕೊಟ್ಟರಂತೆ. ನಿದ್ದೆಯಿಲ್ಲದೆ ಕೆಲಸದಲ್ಲಿ ತಪ್ಪುಗಳಾದಾಗಲೆಲ್ಲ ಅವನು ತನ್ನ ಮನಸ್ಸಿನ ದೌರ್ಬಲ್ಯವನ್ನೇ ನಿಂದಿಸಿಕೊಳ್ಳುತ್ತಿದ್ದನು. ಪತ್ರದ ಕೊನೆಯಲ್ಲಿ ಏನಿದೆಯೆಂಬುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ತನ್ನನ್ನು ತಾನು ಪರೀಕ್ಷಿಸಿಕೊಳ್ಳಲೆಂದು ಅಲ್ಲಿದ್ದೆನೆಂದೂ, ಸುಲಭವಾದ ಪರಿಹಾರವಿರುವಾಗ ಇನ್ನೂ ಹಿಂಸೆಪಡುವುದೇಕೆಂದೂ ಹೇಳಿ ಸೆನೆಕನು ಆ ಮನೆಯನ್ನು ಬಿಟ್ಟು ಹೊರಡಲು ನಿಶ್ಚಯಿಸುತ್ತಾನೆ. ಈ ಮುಕ್ತಾಯದಲ್ಲಿ ಹಾಸ್ಯವೂ ಇದೆ, ವಿವೇಕವೂ ಇದೆ. ತಾಳಬಲ್ಲೆನೆಂಬ ಒಂದೇ ಕಾರಣದಿಂದ ತಾಳಬೇಕಾದ ಹಂಗಿಲ್ಲವೆಂಬ ಅರಿವಿದೆ. ಅದನ್ನು ಕತ್ತರಿಸಿದರೆ ಉಳಿಯುವುದು ಸಹನೆಯ ಉಪದೇಶ ಮಾತ್ರ. ಅದು ಯಾರಿಗೆ ಅನುಕೂಲವೆಂಬುದನ್ನು ವಾಚಕರೇ ಊಹಿಸಬಹುದು.

ಮಾರ್ಕಸನಿಗೂ ಇದೇ ಗತಿಯೊದಗಿದೆ. ಇಂದು ಕೃತಘ್ನರೂ ಅಸೂಯಾಪರರೂ ಎದುರಾಗುವರೆಂದು ಬೆಳಗಿನಲ್ಲೇ ನೆನೆದುಕೊಳ್ಳಬೇಕೆಂಬ ಆತನ ಎರಡನೆಯ ಪುಸ್ತಕದ ಪ್ರಾರಂಭವು ಕಚೇರಿಗೆ ಹೊರಟವರಿಗೆ ಕವಚದಂತೆ ಪ್ರಿಯವಾಗಿದೆ. ಆದರೆ ಆ ಟಿಪ್ಪಣಿಯು ನಿಲ್ಲುವುದು ಅಲ್ಲಲ್ಲ. ಅಂಥವರೂ ತನಗೆ ಬಂಧುಗಳೇ ಎಂದೂ, ಎರಡು ಕೈಗಳಂತೆ, ಮೇಲಿನ ಕೆಳಗಿನ ದಂತಪಂಕ್ತಿಗಳಂತೆ ಮನುಷ್ಯರು ಕೂಡಿ ದುಡಿಯಲೆಂದೇ ಹುಟ್ಟಿದವರೆಂದೂ ಆತನು ಮುಂದುವರಿಸುತ್ತಾನೆ. ಕವಚವಾಗಿ ಪ್ರಾರಂಭವಾದದ್ದು ನಂಟಸ್ತಿಕೆಯಾಗಿ ಮುಗಿಯುತ್ತದೆ.

ಸ್ಟೋಯಿಕರಲ್ಲಿ ಈ ನಂಟಸ್ತಿಕೆಗೆ ಒಂದು ಶಾಸ್ತ್ರವೇ ಇತ್ತು. ಕ್ರಿ.ಶ. ಎರಡನೆಯ ಶತಮಾನದ ಹಿಯರೋಕ್ಲೀಸನು ಮನುಷ್ಯನ ಸುತ್ತ ಒಂದರ ಹೊರಗೊಂದು ವೃತ್ತಗಳನ್ನು ಎಳೆದನು: ತಾನು, ಮನೆ, ಬಂಧುಗಳು, ಊರು, ನಾಡು, ಮನುಷ್ಯಕುಲ. ಹೊರಗಿನ ವೃತ್ತದವರನ್ನು ಒಳಗೆ ಎಳೆದುಕೊಳ್ಳುವುದೇ ಸಾಧನೆ. ಅದಕ್ಕಾಗಿ ತಂದೆಯ ಸೋದರರನ್ನು ತಂದೆಯೆಂದೇ ಕರೆಯಬೇಕೆಂದು ಆತನ ಸಲಹೆ. ದೊಡ್ಡಪ್ಪ, ಚಿಕ್ಕಪ್ಪ ಎಂದು ಕರೆಯುತ್ತ ಬಂದಿರುವ ಕನ್ನಡಿಗರಿಗೆ ಈ ಪಾಠವನ್ನು ಗ್ರೀಸಿನಿಂದ ತರಿಸಿಕೊಳ್ಳಬೇಕಾದ ಅಗತ್ಯವಿರಲಿಲ್ಲ!

ಎಲ್ಲಕ್ಕಿಂತ ಹೆಚ್ಚಾಗಿ ಸವೆದಿರುವುದು ಎಪಿಕ್ಟೀಟಸನ ವಿಭಜನೆ: ಕೆಲವು ನಮ್ಮ ಅಧೀನದವು, ಕೆಲವು ಅಲ್ಲ. ಇಂದಿನ ಬಳಕೆಯಲ್ಲಿ ಇದು ‘ನಿನ್ನ ಅಧೀನ’ ಎಂದಾಗಿದೆ. ಗ್ರೀಕ್ ಮೂಲದಲ್ಲಿರುವುದು ಬಹುವಚನದ ‘ನಮ್ಮ’. ಒಂದು ಸರ್ವನಾಮದ ಮೇಲೆ ಸೌಧ ಕಟ್ಟುವುದು ನಮ್ಮ ಉದ್ದೇಶವಲ್ಲ. ಎಪಿಕ್ಟೀಟಸನು ಹೇಳುತ್ತಿರುವುದು ಒಬ್ಬೊಬ್ಬನ ಸಂಕಲ್ಪಶಕ್ತಿಯ ವಿಷಯವೇ ಎಂಬುದು ನಿಸ್ಸಂದೇಹ. ಆದರೆ ಹೇಳಿದವನು ಯಾರೆಂಬುದನ್ನು ಇತಿಹಾಸಕಾರನು ಮರೆಯುವಂತಿಲ್ಲ. ಆತನು ದಾಸನಾಗಿ ಬೆಳೆದವನು, ಕಾಲು ಊನವಾದವನು, ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞರನ್ನು ಹೊರಹಾಕಿದಾಗ ನಿಕೊಪೊಲಿಸಿಗೆ ಹೋಗಿ ನೆಲಸಿದವನು. ಏನೂ ಕೈಯಲ್ಲಿಲ್ಲದವನು ಕೊನೆಗೂ ಕೈಬಿಡದೆ ಉಳಿಸಿಕೊಂಡ ನೆಲೆ ಅದು. ಮತದಾನದ ಹಕ್ಕು, ಸಂಘ ಕಟ್ಟುವ ಹಕ್ಕು, ನ್ಯಾಯಾಲಯಕ್ಕೆ ಹೋಗುವ ಹಕ್ಕು ಇರುವವನು ಅದೇ ಗೆರೆಯನ್ನು ಅದೇ ಸ್ಥಳದಲ್ಲಿ ಎಳೆದುಕೊಂಡರೆ ಅದು ಅನ್ವಯವಲ್ಲ, ಅನುಕರಣೆ. ಆತನ ಮಾತುಗಳನ್ನು ಬರೆದಿಟ್ಟ ಶಿಷ್ಯನಾದರೂ ಯಾರು? ‘ಇಂಡಿಕಾ’ದ ಕರ್ತೃವೆಂದು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಉರುಹೊಡೆಯುವ ಅರಿಯನನೇ! ಆ ಅರಿಯನನು ಮುಂದೆ ಕಪಡೋಷಿಯ ಪ್ರಾಂತದ ಅಧಿಪತಿಯಾದನು. ಗುರುವಿನ ಗೆರೆಯನ್ನು ಕಲಿತ ಶಿಷ್ಯನು ಪ್ರಾಂತವೊಂದರ ಹೊಣೆ ಹೊತ್ತುಕೊಂಡನೆಂಬುದು ಗಮನಾರ್ಹ.

ಈ ಗೆರೆಯ ಪ್ರಶ್ನೆ ಮಾರತ್ತಹಳ್ಳಿಯ ಪಾಲಿಗೆ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2022ರ ಆಗಸ್ಟ್ ಕೊನೆಯಲ್ಲಿಯೂ ಸೆಪ್ಟೆಂಬರ್ ಮೊದಲ ವಾರದಲ್ಲಿಯೂ ಸುರಿದ ಮಳೆಗೆ ಹೊರವರ್ತುಲ ರಸ್ತೆ ಮುಳುಗಿತು. ಜನರು ಟ್ರ್ಯಾಕ್ಟರುಗಳಲ್ಲಿ ಕಚೇರಿಗೆ ಹೋದರು. ಮಳೆ ಯಾರ ಅಧೀನದಲ್ಲಿಯೂ ಇಲ್ಲವೆಂಬ ಮಾತು ಆಗ ಧಾರಾಳವಾಗಿ ಕೇಳಿಬಂದಿತು. ನಿಜ. ಆದರೆ ರಾಜಕಾಲುವೆ? ಇಲ್ಲಿಯ ನೀರು ಕೆರೆಯಿಂದ ಕೆರೆಗೆ ಇಳಿದು, ಬೆಳ್ಳಂದೂರನ್ನೂ ವರ್ತೂರನ್ನೂ ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರತಕ್ಕದ್ದು. ಕಾಲುವೆಗಳನ್ನು ಒತ್ತರಿಸಿ ಕಟ್ಟಿದವರು ಮನುಷ್ಯರು. ನಮ್ಮ ಶಾಸನಗಳನ್ನು ನೋಡಿದರೆ ಪೂರ್ವಿಕರು ಈ ಗೆರೆಯನ್ನು ಎಷ್ಟು ನಿಖರವಾಗಿ ಎಳೆದಿದ್ದರೆಂಬುದು ತಿಳಿಯುತ್ತದೆ. ಕೆರೆಯ ರಕ್ಷಣೆಗೆಂದು ಬಿತ್ತುವಟ್ಟವನ್ನೂ ಕಟ್ಟುಕೊಡಗೆಯನ್ನೂ ಬಿಟ್ಟರು. ತೂಬು ನೋಡಿಕೊಳ್ಳಲು ನೀರುಗಂಟಿಯಿದ್ದನು. ಮಳೆಯನ್ನು ದೇವರಿಗೆ ಬಿಟ್ಟವರು ಏರಿಯನ್ನು ದೇವರಿಗೆ ಬಿಡಲಿಲ್ಲ. 2022ರಲ್ಲಿಯೂ ಒಂದು ದಿನದ ಮಳೆಯಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಆ ರಸ್ತೆಯ ಕಂಪನಿಗಳು ತಮ್ಮ ಸಂಘದ ಮೂಲಕ ಮುಖ್ಯಮಂತ್ರಿಗಳಿಗೆ ಪತ್ರ ಬರೆದವು. 2024ರ ಜುಲೈನಲ್ಲಿ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ಐ.ಟಿ. ನೌಕರರ ಸಂಘ ಅದನ್ನು ವಿರೋಧಿಸಿತು. ಒಬ್ಬನ ಅಧೀನವಲ್ಲದ್ದು ಹಲವರ ಅಧೀನವಾಗುವುದೆಂಬುದನ್ನು ಒಡೆಯರೂ ಬಲ್ಲರು, ನೌಕರರೂ ಬಲ್ಲರು. ತಿಳಿಯದಂತೆ ನಟಿಸುವುದು ನುಡಿಮುತ್ತುಗಳ ಸಂಗ್ರಹಗಳು ಮಾತ್ರ.

ಇಲ್ಲಿ ನ್ಯಾಯವಾದ ಒಂದು ಪ್ರತಿವಾದವುಂಟು. ಸ್ಟೋಯಿಕರೇನು ಸಮಾಜಸುಧಾರಕರಾಗಿದ್ದರೇ? ಆಗಿರಲಿಲ್ಲ. ದಾಸರೂ ಮನುಷ್ಯರೆಂದು 47ನೆಯ ಪತ್ರದಲ್ಲಿ ಅಷ್ಟು ಸೊಗಸಾಗಿ ಬರೆದ ಸೆನೆಕನು ದಾಸ್ಯವನ್ನು ತೊಡೆದುಹಾಕಬೇಕೆನ್ನಲಿಲ್ಲ. ಅಪಾರ ಐಶ್ವರ್ಯವನ್ನು ಕೂಡಿಸಿದನು. ನೀರೋವಿನ ಆಸ್ಥಾನದಲ್ಲಿ ಬಹುಕಾಲ ನಿಂತನು. ಆದುದರಿಂದ ಇಂದಿನವರು ಅವರಲ್ಲಿ ನಿಷ್ಕ್ರಿಯತೆಯನ್ನು ಕಂಡರೆ ದೋಷವೆಲ್ಲವೂ ಇಂದಿನವರದೇ ಎನ್ನಲಾಗದು. ಮೂಲವನ್ನು ಪೂರ್ತಿ ಓದಬೇಕೆಂಬ ನಮ್ಮ ವಾದ ಈ ಕಹಿಯನ್ನೂ ಒಳಗೊಂಡದ್ದೇ.

ಕನ್ನಡಕ್ಕೆ ಗ್ರೀಸ್ ಮೊದಲು ಬಂದ ದಾರಿ ಬೇರೆ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935) ನಾಟಕಗಳಲ್ಲಿ ವ್ಯಕ್ತಿಯ ದುರಂತದೊಡನೆ ಪಡೆಯ, ರಾಜ್ಯದ ಗತಿಯೂ ಹೆಣೆದುಕೊಂಡಿದೆ. ಎ.ಎನ್. ಮೂರ್ತಿರಾಯರು ಕನ್ನಡಿಸಿದ ಸಾಕ್ರೆಟೀಸನು ತನ್ನ ಊರಿನ ಕಾನೂನಿನೊಡನೆ ವಾದಿಸುತ್ತಲೇ ಸಾಯುವವನು. ಮನಶ್ಶಾಂತಿಯನ್ನೂ ಪೌರಕರ್ತವ್ಯವನ್ನೂ ಒಂದೇ ಬಾಳಿನಲ್ಲಿ ನಡೆಸಬಹುದೆಂಬುದಕ್ಕೆ ಡಿ.ವಿ.ಜಿ. ಅವರೇ ಸಾಕ್ಷಿ. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನಿತ್ತವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಕಗ್ಗದ ಪದ್ಯಗಳನ್ನು ದಿನಕ್ಕೊಂದರಂತೆ ಹಂಚುವವರು ಸಂಸ್ಥೆಯನ್ನು ಮರೆಯುವುದು, ಮಾರ್ಕಸನನ್ನು ಹಂಚುವವರು ಅವನ ವಾಕ್ಯದ ಉತ್ತರಾರ್ಧವನ್ನು ಮರೆಯುವುದು, ಇವೆರಡೂ ಒಂದೇ ಕತ್ತರಿಯ ಕೆಲಸ.

ಮೇಲೆ ಹೇಳಿದ ವಿದ್ಯಾರ್ಥಿಯು ಪತ್ರವನ್ನು ಪೂರ್ತಿ ಓದಿದ ಮರುತಿಂಗಳೇ ಕಾಡುಗೋಡಿಯ ಕಡೆಗೆ ಕೋಣೆ ಬದಲಾಯಿಸಿದನು. ಅದೇ ಪತ್ರದ ಸಾರವನ್ನು ಈ ವರ್ಷ ನಮ್ಮ ಎರಡನೆಯ ವರ್ಷದ ತರಗತಿಯಲ್ಲಿ ಕನ್ನಡದಲ್ಲಿ ವಿವರಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, ‘ಸೆನೆಕನೇನೋ ಮನೆ ಬಿಟ್ಟು ಹೋದ ಸಾರ್, ಆ ತಿಂಡಿ ಮಾರುತ್ತಿದ್ದವರು ಎಲ್ಲಿಗೆ ಹೋಗಬೇಕಿತ್ತು?’ ಎಂದು ಕೇಳಿದಳು. ಉತ್ತರ ಆ ಪತ್ರದಲ್ಲಿಲ್ಲ. ಮುಂದಿನ ತರಗತಿಗೆ ನಾವು 47ನೆಯ ಪತ್ರವನ್ನು ತೆಗೆದುಕೊಂಡೆವು.