ಕಟಕಟೆಯಲ್ಲಿ ನಿಂತ ಕಾದಂಬರಿ

ಆಸ್ಕರ್ ವೈಲ್ಡ್‌ನ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ ಓದುವ ಹೊತ್ತಿಗೆ ಅವನ ಪತನದ ಕಥೆ ನಮಗೆ ಗೊತ್ತಿರುತ್ತದೆ. ಹಾಗಾಗಿ ಡೋರಿಯನ್‌ನಲ್ಲಿ ವೈಲ್ಡ್‌ನನ್ನೇ ಹುಡುಕುತ್ತೇವೆ. ಈ ಓದು ನನಗೆ ಒಪ್ಪಿಗೆಯಿಲ್ಲ.

ಡೋರಿಯನ್ ಚೆಲುವನಾಗಿಯೇ ಉಳಿಯುತ್ತಾನೆ. ಅವನ ಪಾಪವೆಲ್ಲ ಮುಚ್ಚಿಟ್ಟ ಭಾವಚಿತ್ರದಲ್ಲಿ ಮೂಡುತ್ತದೆ. ಆ ಚಿತ್ರ ಬರೆದ ಬೇಸಿಲ್ ಮಾತ್ರ, ತನ್ನ ಅಂತರಂಗ ಅದರಲ್ಲಿ ಬಯಲಾಗಿದೆಯೆಂದು ಪ್ರದರ್ಶನಕ್ಕಿಡಲು ಹೆದರುತ್ತಾನೆ. 1890ರಲ್ಲಿ ಪತ್ರಿಕೆಯಲ್ಲಿ ಬಂದ ಈ ಕೃತಿಯನ್ನು 1891ರಲ್ಲಿ ಪುಸ್ತಕ ಮಾಡುವಾಗ ವೈಲ್ಡ್ ಹೊಸ ಅಧ್ಯಾಯಗಳನ್ನು ಸೇರಿಸಿದ. ಡೋರಿಯನ್ ಬಗ್ಗೆ ಬೇಸಿಲ್ ಆಡುವ ಮೋಹದ ಮಾತುಗಳನ್ನು ಮೆದುಗೊಳಿಸಿದ.

ಅದು ಉಪಯೋಗಕ್ಕೆ ಬರಲಿಲ್ಲ. 1895ರಲ್ಲಿ ತನ್ನ ಗೆಳೆಯ ಆಲ್ಫ್ರೆಡ್ ಡಗ್ಲಸ್‌ನ ತಂದೆಯ ಮೇಲೆ ವೈಲ್ಡ್ ಮಾನನಷ್ಟ ಮೊಕದ್ದಮೆ ಹೂಡಿದಾಗ, ಎದುರು ಪಕ್ಷದ ವಕೀಲ ಕಾರ್ಸನ್ ಹಳೆಯ ಪತ್ರಿಕಾ ಪಾಠವನ್ನೇ ಹಿಡಿದು ಅವನನ್ನು ಪ್ರಶ್ನಿಸಿದ. ಬೇಸಿಲ್‌ನ ಮಾತನ್ನು ಲೇಖಕನ ಮನಸ್ಸಿಗೆ ಪುರಾವೆಯೆಂಬಂತೆ ಓದಿದ. ಮೊಕದ್ದಮೆ ಬಿದ್ದುಹೋಯಿತು. ಮೇ 25ರಂದು, ಪುರುಷರೊಡನೆ ಇಟ್ಟುಕೊಂಡ ಸಂಬಂಧಕ್ಕಾಗಿ ವೈಲ್ಡ್‌ಗೇ ಎರಡು ವರ್ಷದ ಕಠಿಣ ಸಜೆಯಾಯಿತು. 1900ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ.

ಕಾದಂಬರಿಯಲ್ಲಿ ಕೊಳೆಯುವುದು ಯಾವುದು? ನಟಿ ಸಿಬಿಲ್‌ಳ ಅಭಿನಯ ಕೆಟ್ಟಿತೆಂದು ಡೋರಿಯನ್ ಅವಳನ್ನು ತೊರೆಯುತ್ತಾನೆ. ಅವಳು ಪ್ರಾಣ ಬಿಡುತ್ತಾಳೆ. ಭಾವಚಿತ್ರದ ತುಟಿಯಲ್ಲಿ ಮೊದಲು ಕಾಣುವುದು ಆ ಕ್ರೌರ್ಯ. ಮುಂದೆ ಬೇಸಿಲ್‌ನನ್ನೂ ಅವನೇ ಕೊಲ್ಲುತ್ತಾನೆ. ಮನುಷ್ಯರನ್ನು ಬರಿಯ ಚೆಂದದ ವಸ್ತುಗಳಂತೆ ಕಾಣುವುದೇ ಇಲ್ಲಿನ ಕೇಡು; ಬೇಸಿಲ್‌ನ ಪ್ರೀತಿಯಲ್ಲ. ಕಾದಂಬರಿಯನ್ನು ವೈಲ್ಡ್‌ನ ತಪ್ಪೊಪ್ಪಿಗೆಯೆಂದು ಓದಿದರೆ ಇವೆರಡೂ ಒಂದೇ ಆಗಿಬಿಡುತ್ತವೆ. ಕಾರ್ಸನ್‌ಗೆ ಬೇಕಾಗಿದ್ದುದೂ ಅದೇ.