ಏರಿಸಿದಷ್ಟೂ ಮುಳುಗಿದ ಮಾತು: ಕೀಬೋರ್ಡಿನ ಈಕ್ವಲೈಸರ್ ಬಗ್ಗೆ ಒಂದಿಷ್ಟು ತಕರಾರು

ಹಾನಗಲ್ಲ ತಾಲ್ಲೂಕಿನ ಒಂದು ಊರಿನ ಪ್ರೌಢಶಾಲೆಗೆ ಧ್ವನಿ ಕುರಿತು ಉಪನ್ಯಾಸ ಕೊಡಲು ಹೋಗಿದ್ದೆ. ಅಂದು ರಾತ್ರಿ ಅಲ್ಲಿನ ಗುಡಿಯಲ್ಲಿ ಭಜನೆಯಿತ್ತು. ಹಾಡುವವರು ನಾಲ್ವರು, ತಬಲಾ, ತಾಳ, ಜೊತೆಗೆ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್. (ಯಾವ ಕಂಪನಿಯದಾದರೂ ನಮ್ಮ ಕಡೆ ಅದರ ಹೆಸರು 'ಕ್ಯಾಸಿಯೊ' ಎಂದೇ.) ನುಡಿಸುತ್ತಿದ್ದವನು ಬಿ.ಎಸ್ಸಿ. ಓದುವ ಹುಡುಗ, ಬೆರಳು ಚುರುಕಾಗಿತ್ತು. ಆದರೆ ಹಾಡಿನ ಒಂದು ಪದವೂ ಕಿವಿಗೆ ಬೀಳಲಿಲ್ಲ. ನಡುವೆ ಬಿಡುವಾದಾಗ ಹುಡುಗನೇ ಬಂದು ಕೇಳಿದ: "ಸರ್, ಈಕ್ವಲೈಸರ್‌ನ್ಯಾಗ ಬೇಸ್ ಫುಲ್ ಇಟ್ಟೇನ್ರಿ, ಟ್ರೆಬಲ್ಲೂ ಏರಿಸೇನ್ರಿ. ಆದ್ರೂ ಹಾಡು ತಿಳೀವಲ್ದು ಅಂತಾರ್ರಿ ಮಂದಿ." ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನಗಿಂತ ಮೊದಲೇ ಉತ್ತರ ಕೊಟ್ಟರು: "ಪೇಟಿ ಇದ್ದಾಗ ಮಾತು ಕೇಳ್ತಿತ್ತಪಾ ತಮ್ಮಾ. ಈಗ ಬರೇ ಧಡ್ ಧಡ್."

ಹಿರಿಯರದು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಭೌತವಿಜ್ಞಾನವಿದೆ. ಇದೇ ತಕರಾರನ್ನು ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲೂ ನಾನು ಕೇಳಿದ್ದೇನೆ.

ಈಕ್ವಲೈಸರ್ ಎಂಬ ಹೆಸರಿನಿಂದಲೇ ಶುರು ಮಾಡೋಣ. ಇದು ಸಂಗೀತಗಾರರು ಕಂಡುಹಿಡಿದದ್ದಲ್ಲ, ಟೆಲಿಫೋನ್ ಎಂಜಿನಿಯರರದು. ಉದ್ದವಾದ ತಂತಿಯಲ್ಲಿ ಸಾಗುವಾಗ ಮಾತಿನ ಹೆಚ್ಚಿನ ಆವೃತ್ತಿಗಳು ಕಡಿಮೆ ಆವೃತ್ತಿಗಳಿಗಿಂತ ಬೇಗ ಕುಗ್ಗುತ್ತವೆ. ಕುಗ್ಗಿದ್ದನ್ನು ಮತ್ತೆ ಸರಿಗಟ್ಟಿಸಿ, ಹೊರಟ ಮಾತೇ ಆ ತುದಿಯಲ್ಲೂ ಕೇಳುವಂತೆ ಮಾಡುವ ಮಂಡಲಕ್ಕೆ 'ಸಮ ಮಾಡುವುದು' ಎಂಬ ಅರ್ಥದಲ್ಲಿ ಆ ಹೆಸರು ಬಂತು. ಅಂದರೆ ಅದು ದೋಷ ತಿದ್ದುವ ಸಾಧನ. ನಾವು ಅದನ್ನು ಒಗ್ಗರಣೆ ಮಾಡಿಕೊಂಡಿದ್ದೇವೆ. ದೋಷ ಎಲ್ಲಿದೆ ಎಂದು ಕೇಳದೆ ಎಲ್ಲಕ್ಕೂ ಒಂದೊಂದು ಚಮಚ.

ಈಗ ಕೀಬೋರ್ಡನ್ನೇ ನೋಡಿ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು 61 ಮನೆಗಳ ಮಾದರಿ. ಅದರ ಎಡತುದಿಯ ಮನೆಯ ಮೂಲಸ್ವರ ಸುಮಾರು 65 ಹರ್ಟ್ಸ್, ಬಲತುದಿಯದು ಸುಮಾರು 2093 ಹರ್ಟ್ಸ್. ಈಕ್ವಲೈಸರ್‌ನಲ್ಲಿ ಐದು ಪಟ್ಟಿಗಳಿವೆ ಎಂದುಕೊಳ್ಳಿ: 80, 500, 1000, 4000, 8000 ಹರ್ಟ್ಸ್. ಕೊನೆಯ ಎರಡು ಪಟ್ಟಿಗಳ ನಡುಬಿಂದು ಯಾವ ಮನೆಯ ಮೂಲಸ್ವರಕ್ಕೂ ನಿಲುಕುವುದಿಲ್ಲ. ಅಲ್ಲಿರುವುದು ಬರಿಯ ಉಪಸ್ವರಗಳು. ಮೂಲ ಆವೃತ್ತಿಯ ಎರಡು, ಮೂರು, ನಾಲ್ಕು ಪಟ್ಟಿನ ಈ ಸಂಗಡಿಗರೇ ಕೊಳಲನ್ನು ಕೊಳಲಾಗಿ, ಪೇಟಿಯನ್ನು ಪೇಟಿಯಾಗಿ ಕೇಳಿಸುತ್ತವೆ. ಆದ್ದರಿಂದ 4000ದ ಗುಂಡಿ ಮುಟ್ಟಿದರೆ ಸ್ವರ ಬದಲಾಗದು, ನಾದಗುಣ ಬದಲಾಗುತ್ತದೆ.

80 ಹರ್ಟ್ಸ್‌ನ ಕತೆ ಇನ್ನೂ ಸ್ವಾರಸ್ಯದ್ದು. ಭಜನೆಯ ರಾಗ ನುಡಿಸುವ ಬಲಗೈ ಸಾಮಾನ್ಯವಾಗಿ ಓಡಾಡುವುದು 260ರಿಂದ 1050 ಹರ್ಟ್ಸ್ ಒಳಗೆ. 80ರ ಪಟ್ಟಿಯಲ್ಲಿ ಆ ರಾಗದ್ದು ಹೆಚ್ಚೇನೂ ಇರುವುದಿಲ್ಲ. ಹಾಗಾದರೆ ಅದನ್ನು ಏರಿಸಿದಾಗ ಏರುವುದು ಯಾವುದು? ಕೀಬೋರ್ಡ್ ತಾನಾಗಿ ಬಾರಿಸುವ ಡ್ರಮ್ಮು ಮತ್ತು ಬೇಸ್ ಗಿಟಾರು. ಹುಡುಗ ತನ್ನ ನುಡಿಸಾಣಿಕೆಯನ್ನು 'ಗಟ್ಟಿ' ಮಾಡುತ್ತಿದ್ದೇನೆಂದು ತಿಳಿದು, ಯಂತ್ರದ ನುಡಿಸಾಣಿಕೆಯನ್ನು ಗಟ್ಟಿ ಮಾಡುತ್ತಿದ್ದ!

ಏರಿಕೆಯ ಬೆಲೆಯನ್ನೂ ಲೆಕ್ಕ ಹಾಕಿ. ಗುಂಡಿಯನ್ನು ಪೂರ್ತಿ ಏರಿಸಿದರೆ ಹಲವು ಮಾದರಿಗಳಲ್ಲಿ +12 ಡೆಸಿಬೆಲ್. ಡೆಸಿಬೆಲ್ ಲಾಗರಿದಮ್ ಮಾನ. 12 ಡೆಸಿಬೆಲ್ ಎಂದರೆ ಸಾಮರ್ಥ್ಯ ಸುಮಾರು 16 ಪಟ್ಟು. ಆ ಪಟ್ಟಿಗೆ ಆಂಪ್ಲಿಫೈಯರ್ 5 ವಾಟ್ ಕೊಡುತ್ತಿದ್ದರೆ ಈಗ 80 ವಾಟ್ ಕೊಡಬೇಕು. 100 ವಾಟಿನ ಆಂಪ್ಲಿಫೈಯರ್‌ನಲ್ಲಿ ಹಾಡಿಗೆ, ತಬಲಾಕ್ಕೆ ಉಳಿಯಿತೆಷ್ಟು? ಅಲೆಯ ನೆತ್ತಿಗಳು ಚಪ್ಪಟೆಯಾಗಿ ಕತ್ತರಿಸಿಹೋಗುತ್ತವೆ. ಹಾಗೆ ಕತ್ತರಿಸಿದ ಅಲೆಯಲ್ಲಿ, ಮೂಲದಲ್ಲಿ ಇಲ್ಲದ ಮೂರು ಪಟ್ಟು, ಐದು ಪಟ್ಟು ಆವೃತ್ತಿಗಳು ಹುಟ್ಟಿಕೊಳ್ಳುತ್ತವೆ. ನಮಗೆ ಕೇಳುವ 'ಕರಕರ' ಅದೇ.

ಇನ್ನೊಂದು ವ್ಯಂಗ್ಯವಿದೆ. ಗುಡಿಯ ಮೇಲೆ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಹೊರಡಿಸುವುದೇ ಇಲ್ಲವೆನ್ನಬಹುದು. 80 ಹರ್ಟ್ಸ್‌ಗೆ ಸುರಿದ ವಾಟುಗಳು ಅದರ ಸುರುಳಿಯನ್ನು ಬಿಸಿ ಮಾಡಿ ಮುಗಿಯುತ್ತವೆ. ಹಾಗಿದ್ದೂ ಅದರಲ್ಲಿ ಗಂಡಸಿನ ತಗ್ಗು ದನಿ ತಗ್ಗಾಗಿಯೇ ಕೇಳುತ್ತದಲ್ಲ? 120 ಹರ್ಟ್ಸ್‌ನ ಮೂಲಸ್ವರ ಕಾಣೆಯಾದರೂ 360, 480, 600 ಹರ್ಟ್ಸ್‌ನ ಉಪಸ್ವರಗಳ ಸಮಾನ ಅಂತರದಿಂದ ಮಿದುಳು 120ನ್ನು ಊಹಿಸಿಕೊಳ್ಳುತ್ತದೆ. ಫೋನಿನಲ್ಲಿ ತಂದೆಯ ದನಿ ನಮಗೆ ತಂದೆಯ ದನಿಯಾಗಿಯೇ ಕೇಳುವುದು ಹೀಗೆ.

ಮಾತು ಮುಳುಗಿದ್ದೇಕೆ ಎಂಬ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕಾರಣ ಕಿವಿಯೊಳಗಿದೆ. ತಗ್ಗು ಆವೃತ್ತಿಯ ಜೋರಾದ ಶಬ್ದ ತನಗಿಂತ ಮೇಲಿನ ಆವೃತ್ತಿಗಳ ಸೂಕ್ಷ್ಮ ಶಬ್ದಗಳನ್ನು ಮರೆಮಾಡುತ್ತದೆ. ಮೇಲಿನವು ಕೆಳಗಿನವನ್ನು ಅಷ್ಟು ಸುಲಭವಾಗಿ ಮರೆಮಾಡಲಾರವು. ಒಳಗಿವಿಯ ಶಂಖದಲ್ಲಿ ತಗ್ಗು ಆವೃತ್ತಿಯ ಅಲೆ ಒಳತುದಿಯವರೆಗೆ ಸಾಗುವಾಗ, ಹೆಚ್ಚಿನ ಆವೃತ್ತಿಗಳ ಜಾಗವನ್ನು ಹಾದೇ ಹೋಗಬೇಕು. ಮಾತಿನ ಅರ್ಥವೋ ಬಹುಪಾಲು ವ್ಯಂಜನಗಳಲ್ಲಿದೆ, ಸುಮಾರು 1000ದಿಂದ 4000 ಹರ್ಟ್ಸ್‌ಗಳ ನಡುವೆ. ಕೆಳಗಿನಿಂದ ಡ್ರಮ್ಮು, ಮೇಲಿನಿಂದ ಏರಿಸಿದ ಟ್ರೆಬಲ್ಲು. ಎರಡರ ನಡುವೆ ಹಾಡುವವನ 'ತ', 'ಕ', 'ಪ'ಗಳು ಎಲ್ಲಿ ಉಳಿಯಬೇಕು? ಶಿಶುನಾಳ ಶರೀಫರ ಊರಿರುವುದು ಶಿಗ್ಗಾವಿ ತಾಲ್ಲೂಕಿನಲ್ಲಿ. ತತ್ವಪದದಲ್ಲಿ ಮಾತೇ ಕೇಳದಿದ್ದರೆ ಉಳಿಯುವುದು ತಾಳ ಮಾತ್ರ.

"ಮನೆಯಲ್ಲಿ ಇದೇ ಸೆಟ್ಟಿಂಗ್ ಚೆನ್ನಾಗಿತ್ತಲ್ಲ ಸರ್" ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. ಸುಳ್ಳಲ್ಲ, ಚೆನ್ನಾಗಿಯೇ ಇತ್ತು. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿದಂತೆ ಕಿವಿ ಎಲ್ಲ ಆವೃತ್ತಿಗಳನ್ನೂ ಸಮನಾಗಿ ಕೇಳುವುದಿಲ್ಲ. ಅಷ್ಟೇ ಅಲ್ಲ, ಈ ಅಸಮತೆ ಶಬ್ದದ ಮಟ್ಟದ ಜೊತೆ ಬದಲಾಗುತ್ತದೆ. 1000 ಹರ್ಟ್ಸ್‌ನ 40 ಡೆಸಿಬೆಲ್ ಸ್ವರದಷ್ಟೇ ಜೋರಾಗಿ 100 ಹರ್ಟ್ಸ್ ಕೇಳಬೇಕಾದರೆ ಅದಕ್ಕೆ ಸುಮಾರು 24 ಡೆಸಿಬೆಲ್ ಹೆಚ್ಚು ಬೇಕು. 80 ಡೆಸಿಬೆಲ್ ಮಟ್ಟದಲ್ಲಾದರೆ ಸರಿಸುಮಾರು ಅದರ ಅರ್ಧ ಸಾಕು. ಆದ್ದರಿಂದ ಮನೆಯವರಿಗೆ ತೊಂದರೆಯಾಗದಂತೆ ಸಣ್ಣ ದನಿಯಲ್ಲಿ ಅಭ್ಯಾಸ ಮಾಡುವಾಗ ಬೇಸ್ ಸಾಲದೆನಿಸಿ ಏರಿಸುತ್ತೇವೆ. ಅದನ್ನೇ ವೇದಿಕೆಗೆ ಒಯ್ದು ದನಿ ಹೆಚ್ಚಿಸಿದರೆ ಮನೆಯಲ್ಲಿ ಹಿತವಾಗಿದ್ದದ್ದು ಇಲ್ಲಿ ಗುಡುಗು. ಮೊಬೈಲ್ ವಿಡಿಯೋ ನೋಡಿ ಇನ್ನೊಬ್ಬರ ಸೆಟ್ಟಿಂಗ್ ನಕಲು ಮಾಡುವವರು ಈ ಒಂದು ಸಂಗತಿಯನ್ನಾದರೂ ನೆನಪಿಡಬೇಕು.

ಕೋಣೆಯೂ ಒಂದು ವಾದ್ಯವೇ. ಸವಣೂರಿನ ಕಡೆ ಒಂದು ಸಭಾಭವನದಲ್ಲಿ ಮಧ್ಯಾಹ್ನ ಖಾಲಿ ಹಾಲಿನಲ್ಲಿ ಎಲ್ಲ ಹೊಂದಿಸಿ, ಸಂಜೆ ಜನ ತುಂಬಿದಾಗ "ದನಿ ಸತ್ತುಹೋಯಿತು" ಎಂದು ಗೋಳಾಡಿದ್ದನ್ನು ಕಂಡೆ. ಸಬೈನ್ ಸೂತ್ರ ಪಠ್ಯದಲ್ಲಿದೆ, ಬಳಸಿ ನೋಡೋಣ. ಹಾಲು 12 ಮೀ. ಉದ್ದ, 8 ಮೀ. ಅಗಲ, 4 ಮೀ. ಎತ್ತರ ಎಂದಿಟ್ಟುಕೊಳ್ಳಿ. ಘನಗಾತ್ರ 384 ಘನ ಮೀಟರ್, ಒಟ್ಟು ಮೇಲ್ಮೈ 352 ಚದರ ಮೀಟರ್. ಕಾಂಕ್ರೀಟು, ಗಿಲಾವು, ಟೈಲ್ಸುಗಳ ಹೀರುಗುಣಾಂಕ ಸರಾಸರಿ 0.03 ಎಂದರೆ ಹೀರಿಕೆ ಸುಮಾರು 10.6 ಘಟಕ. ಗುಂಗು ಅಡಗಲು ಬೇಕಾದ ಕಾಲ 0.161 × 384 ÷ 10.6, ಅಂದರೆ ಹತ್ತಿರ ಹತ್ತಿರ 6 ಸೆಕೆಂಡು! ಇನ್ನು 60 ಜನ ಬಂದು ಕೂತರು, ಒಬ್ಬೊಬ್ಬರಿಗೆ 0.45 ಘಟಕದಂತೆ 27 ಸೇರಿ 37.6. ಕಾಲ 1.6 ಸೆಕೆಂಡಿಗೆ ಇಳಿಯಿತು. ನಮ್ಮ ಬಟ್ಟೆಗಳು ಹೀರುವುದು ಹೆಚ್ಚಾಗಿ ಮೇಲಿನ ಆವೃತ್ತಿಗಳನ್ನು. ತಗ್ಗಿನವು ಅಷ್ಟಾಗಿ ಬಗ್ಗುವುದಿಲ್ಲ. ಖಾಲಿ ಹಾಲಿನ ಹೊಂದಾಣಿಕೆ ತುಂಬಿದ ಹಾಲಿಗೆ ನಡೆಯದಿರುವುದಕ್ಕೆ ಇಷ್ಟೇ ಕಾರಣ. ಇಂಥ ಹಾಲಿನಲ್ಲಿ ಕೀಬೋರ್ಡಿನ 'ಹಾಲ್ ರಿವರ್ಬ್' ಬೇರೆ ಹಾಕುವುದೆಂದರೆ ಮಳೆಯಲ್ಲಿ ನಿಂತು ತಲೆಗೆ ನೀರು ಹೊಯ್ದುಕೊಂಡಂತೆ.

ಹುಡುಗರನ್ನಷ್ಟೇ ದೂರಿ ಪ್ರಯೋಜನವಿಲ್ಲ. ತಯಾರಕರ ಮೇಲೆ ನನ್ನ ಆಕ್ಷೇಪ ಹೆಚ್ಚು. 'ಬೂಸ್ಟ್', 'ಬ್ರೈಟ್', 'ಮೈಲ್ಡ್' ಎಂದು ಸಿದ್ಧ ಹೊಂದಾಣಿಕೆಗಳಿಗೆ ಆಕರ್ಷಕ ಹೆಸರಿಟ್ಟಿದ್ದಾರೆ. ಯಾವ ಆವೃತ್ತಿಗೆ ಎಷ್ಟು ಡೆಸಿಬೆಲ್ ಎಂದು ಅಗ್ಗದ ಮಾದರಿಗಳಲ್ಲಿ ಹೇಳುವ ಗೋಜಿಗೆ ಹೋಗುವುದಿಲ್ಲ. 'ಸ್ಪೀಕರ್' ಎಂಬ ಹೊಂದಾಣಿಕೆ ಕೀಬೋರ್ಡಿನ ಒಳಗಿರುವ ಅಂಗೈಯಗಲದ ಸ್ಪೀಕರಿನ ಕೊರತೆ ಮುಚ್ಚಲು ಇರುವಂಥದು. ಹೊರಗಿನ ಆಂಪ್ಲಿಫೈಯರ್‌ಗೆ ತಂತಿ ಜೋಡಿಸಿದಾಗ ಅದು ಇಲ್ಲದ ಕೊರತೆಯನ್ನು ತುಂಬುತ್ತದೆ.

'ವೈಡ್ ಸ್ಟೀರಿಯೊ' ಎಂಬುದಂತೂ ನಮ್ಮ ಜಾತ್ರೆ, ಭಜನೆಗಳಿಗೆ ಹೊಂದುವುದೇ ಇಲ್ಲ. ಎಡ, ಬಲ ವಾಹಿನಿಗಳ ನಡುವೆ ಪ್ರಾವಸ್ಥೆಯ ವ್ಯತ್ಯಾಸ ಹುಟ್ಟಿಸಿ ಶಬ್ದ ಅಗಲವಾಗಿ ಹರಡಿದಂತೆ ಭ್ರಮೆ ಬರಿಸುವುದು ಅದರ ಕೆಲಸ. ಹೆಡ್‌ಫೋನಿನಲ್ಲಿ ಸೊಗಸಾಗಿರುತ್ತದೆ. ನಮ್ಮ ಧ್ವನಿವರ್ಧಕ ವ್ಯವಸ್ಥೆಯಲ್ಲಿ ಎರಡೂ ವಾಹಿನಿಗಳು ಕೂಡಿ ಒಂದಾಗುತ್ತವೆ. ವಿರುದ್ಧ ಪ್ರಾವಸ್ಥೆಯ ಅಲೆಗಳು ಕೂಡಿದರೆ ಏನಾಗುತ್ತದೆಂಬುದು ಹನ್ನೊಂದನೆಯ ತರಗತಿಯ ಪಾಠ. ಶಿಗ್ಗಾವಿಯಲ್ಲಿ ಒಬ್ಬ ಕಲಾವಿದರು "ಸ್ಟೇಜಿಗೆ ಬಂದ್ರ ತಂತಿವಾದ್ಯದ ದನಿ ಅರ್ಧ ಮಾಯ ಆಗ್ತದ್ರಿ, ತಂತಿ ಕೆಟ್ಟೈತೇನ್ರಿ?" ಎಂದು ಕೇಳಿದರು. ತಂತಿ ಸರಿಯಾಗಿತ್ತು. ಆ ಗುಂಡಿ ಆರಿಸಿದೆವು, ದನಿ ಮರಳಿತು.

ಇಲ್ಲಿ ಪೇಟಿಯ ಮಾತು ಬರಲೇಬೇಕು. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಪುಟ್ಟರಾಜ ಗವಾಯಿಗಳು 1914ರಲ್ಲಿ ಅದೇ ತಾಲ್ಲೂಕಿನ ದೇವಗಿರಿಯಲ್ಲಿ. ಹಾರ್ಮೋನಿಯಂ ಮೇಲೆ ಪುಟ್ಟರಾಜರಿಗಿದ್ದ ಹಿಡಿತ ಈ ಭಾಗದಲ್ಲಿ ಮನೆಮಾತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿಟ್ಟು 1971ರಲ್ಲಿ ಮತ್ತೆ ಒಳಗೆ ಬಿಟ್ಟುಕೊಂಡಿತು. ಅದರ ಮೇಲಿದ್ದ ಒಂದು ಮುಖ್ಯ ದೂರು ಶ್ರುತಿಯದು, ಮತ್ತು ಆ ದೂರು ಕೀಬೋರ್ಡಿಗೂ ಅನ್ವಯಿಸುತ್ತದೆ. ಷಡ್ಜ 261.6 ಹರ್ಟ್ಸ್ ಇದ್ದರೆ ತಂಬೂರಿಯೊಡನೆ ಕೂಡುವ ಶುದ್ಧ ಗಾಂಧಾರ 327.0, ಕೀಬೋರ್ಡಿನದು 329.6. ಈ ವ್ಯತ್ಯಾಸವನ್ನು ಯಾವ ಈಕ್ವಲೈಸರೂ ತಿದ್ದಲಾರದು. 'ಬ್ರೈಟ್' ಹಾಕಿದರೆ ಉಪಸ್ವರಗಳು ಗಟ್ಟಿಯಾಗಿ ವಿಸ್ಪಂದನಗಳು ಮತ್ತಷ್ಟು ಎದ್ದು ಕೇಳುತ್ತವೆ. ತಮಾಷೆಯೆಂದರೆ, ಒಂದೊಂದು ಸ್ವರವನ್ನೂ ಇಷ್ಟಿಷ್ಟೇ ಇಳಿಸಿ ಏರಿಸುವ 'ಸ್ಕೇಲ್ ಟ್ಯೂನಿಂಗ್' ಸೌಲಭ್ಯ ಹಲವು ಕೀಬೋರ್ಡುಗಳಲ್ಲಿದೆ. ಅದನ್ನು ಮುಟ್ಟಿದವರನ್ನು ನಾನು ಕಂಡದ್ದು ಇಬ್ಬರನ್ನೋ ಮೂವರನ್ನೋ.

ಶಿಕ್ಷಕರಲ್ಲಿ ಒಂದು ಮಾತು. 'ನಾದಗುಣ ಉಪಸ್ವರಗಳನ್ನು ಅವಲಂಬಿಸಿದೆ' ಎಂದು ಕಪ್ಪುಹಲಗೆಯ ಮೇಲೆ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಹಿರೇಕೆರೂರಿನ ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯೊಬ್ಬರು ಸಂಗೀತ ಮೇಷ್ಟ್ರ ಕೀಬೋರ್ಡನ್ನು ತರಗತಿಗೆ ತರಿಸಿದರು. ಕೊಳಲಿನ ದನಿ ಆರಿಸಿ ಒಂದು ಮನೆ ಒತ್ತಿ 4000 ಹರ್ಟ್ಸ್ ಪಟ್ಟಿಯನ್ನು ಪೂರ್ತಿ ಇಳಿಸಿದರೆ ಹೆಚ್ಚೇನೂ ಬದಲಾಗಲಿಲ್ಲ. ಹಾರ್ಮೋನಿಯಂ ದನಿಯಲ್ಲಿ ಅದೇ ಮಾಡಿದರೆ ದನಿಗೆ ಕಂಬಳಿ ಹೊದಿಸಿದಂತಾಯಿತು. ಏಕೆಂದು ಮಕ್ಕಳೇ ಹೇಳಿದರು. ಮೊಬೈಲಿನ ರೋಹಿತ ದರ್ಶಕ ಆ್ಯಪ್‌ನಲ್ಲಿ ಕೊಳಲಿನ ಎರಡು ಮೂರು ಗೆರೆಗಳನ್ನೂ ಪೇಟಿಯ ಗೆರೆಗಳ ಸಾಲನ್ನೂ ನೋಡಿ ಎಣಿಸಿದರು.

ಮತ್ತೆ ಹಾನಗಲ್ಲದ ಆ ರಾತ್ರಿಗೆ. ಎಲ್ಲ ಪಟ್ಟಿಗಳನ್ನೂ ಸೊನ್ನೆಗೆ ತಂದೆವು. ರಿವರ್ಬ್ ತೆಗೆದೆವು. ಹಾಡುವವರ ಮಾತಿಗೆ ಜಾಗ ಬಿಡಲೆಂದು 1000 ಮತ್ತು 4000ದ ಪಟ್ಟಿಗಳನ್ನು 3 ಡೆಸಿಬೆಲ್ ಇಳಿಸಿದೆವು, 80ರದನ್ನು 6. ಹುಡುಗ ಅನುಮಾನದಿಂದಲೇ ಕೂತ. "ನಂದು ಕೇಳೂದss ಇಲ್ಲಲ್ರಿ ಸರ್" ಎಂದ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಹಿಂದೆ ಕೂತಿದ್ದ ಹೆಂಗಸರು ಪಲ್ಲವಿ ಹಿಡಿದು ಹಾಡತೊಡಗಿದರು. ಅವರಿಗೆ ಪದ ತಿಳಿಯುತ್ತಿತ್ತು. ಹುಡುಗ ಡ್ರಮ್ಮಿನ ಗುಂಡಿಯನ್ನೂ ತಾನಾಗಿ ಆರಿಸಿ ಎಡಗೈಯನ್ನು ಮನೆಗಳ ಮೇಲಿಟ್ಟ.