ಮೇಲೆ ಥಳಕು, ಒಳಗೆ ತುಕ್ಕು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಹೆಗ್ಗನಹಳ್ಳಿ ಕ್ರಾಸಿನಿಂದ ಸುಂಕದಕಟ್ಟೆ ಕಡೆಗೆ ನಡೆದರೆ, ಒಂದಲ್ಲ ಒಂದು ಅಡ್ಡರಸ್ತೆಯಲ್ಲಿ ಗೂಡ್ಸ್ ಗಾಡಿಯೊಂದು ಹೆಡ್‌ಲೈಟ್ ಬಿಚ್ಚಿಸಿಕೊಂಡು, ಗಾಜಿಗೆಲ್ಲ ಹಳೇ ಪೇಪರ್ ಅಂಟಿಸಿಕೊಂಡು ನಿಂತಿರುತ್ತದೆ. ಮಾಲೀಕನೇ ಡ್ರೈವರು, ಇವತ್ತು ಅವನೇ ಪೇಂಟರನ ಅರ್ಧ ಕೆಲಸದವನು. ಪೇಂಟರ್ ಬರುವುದು ಕೊನೆಗೆ, ಕಂಪ್ರೆಸರ್ ಮತ್ತು ಗನ್ ಹಿಡಿದುಕೊಂಡು. ಅದಕ್ಕೂ ಮುಂಚಿನ ತಿಕ್ಕುವ, ತಗ್ಗಿಗೆ ಪಟ್ಟಿ ಎಳೆಯುವ, ಸ್ಯಾಂಡ್ ಪೇಪರ್ ಹೊಡೆಯುವ ಕೆಲಸವೆಲ್ಲ ಮನೆಮಂದಿಯದು.

ಈ ರೂಢಿಗೆ ಇಲ್ಲಿ ಗಟ್ಟಿ ಕಾರಣವಿದೆ. ಪೀಣ್ಯ ಕೈಗಾರಿಕಾ ಪ್ರದೇಶದ ಜಾಬ್‌ವರ್ಕ್ ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಓಡಾಡುವುದೇ ಸಣ್ಣ ಗಾಡಿಗಳ ಮೇಲೆ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ಸಾಲ ಮಾಡಿ ಒಂದೇ ಒಂದು ಗಾಡಿ ಇಟ್ಟುಕೊಂಡು ಸಂಸಾರ ನಡೆಸುವವರು ಬಹಳ ಮಂದಿಯಾದರು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಮಾಡಿಸಬೇಕು. ಎಫ್‌ಸಿಗೆ ಮುನ್ನ ಗಾಡಿಯ ಮೈ ಸರಿಮಾಡುವುದು ವಾಡಿಕೆ. ಪೇಂಟ್ ಕೆಲಸದಲ್ಲಿ ಕೂಲಿ ನುಂಗುವುದು ಬಣ್ಣವಲ್ಲ, ಅದರ ಹಿಂದಿನ ತಿಕ್ಕಾಟ. ಅದನ್ನು ತಾನೇ ಮಾಡಿಕೊಂಡರೆ ದುಡ್ಡು ಕೈಯಲ್ಲಿ ಉಳಿಯುತ್ತದೆ.

ಕೈಚಳಕದ ಮಟ್ಟಿಗೆ ನನ್ನ ಮೆಚ್ಚುಗೆ ಪೂರ್ತಿ. ಬರಿ ಬೆರಳಲ್ಲಿ ಪೇಪರ್ ಒತ್ತಿ ತಿಕ್ಕಿದರೆ ಬೆರಳಿದ್ದಲ್ಲಿ ಹೆಚ್ಚು, ಸಂದಿನಲ್ಲಿ ಕಡಿಮೆ ಸವೆದು, ಬಣ್ಣ ಒಣಗಿದ ಮೇಲೆ ಬಿಸಿಲಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಅದಕ್ಕೇ ಹಳೇ ಹವಾಯಿ ಚಪ್ಪಲಿಯ ಅಟ್ಟೆಯನ್ನು ಅಂಗೈಯಗಲ ಕತ್ತರಿಸಿ, ಪೇಪರನ್ನು ಅದಕ್ಕೆ ಸುತ್ತಿ ಹಿಡಿಯುತ್ತಾರೆ. ಡೋರಿನ ಉಬ್ಬಿಗೆ ತಕ್ಕಂತೆ ಅಟ್ಟೆ ಬಾಗುತ್ತದೆ, ಒತ್ತಡ ಒಂದೇ ಸಮ ಹರಡುತ್ತದೆ. ಒಂದು ಮಗ್ಗು ನೀರು ಸುರಿದು, ಕಣ್ಣು ಬೇರೆಲ್ಲೋ ಇಟ್ಟು ಅಂಗೈಯನ್ನು ಮೆಲ್ಲಗೆ ಎಳೆದರೆ ಸಾಕು, ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ. 80ರ ಪೇಪರಿನಿಂದ ಶುರುಮಾಡಿ 120, 220, 320 ದಾಟಿ 400ಕ್ಕೆ ಬರುವ ಹೊತ್ತಿಗೆ ಹಳೇ ಬಣ್ಣದ ಅಂಚು ತಗಡಿನೊಳಗೆ ಕರಗಿದಂತೆ ಸವೆದಿರುತ್ತದೆ. ಒಳ್ಳೆಯ ವರ್ಕ್‌ಶಾಪಿನವರೂ ತಲೆದೂಗುವಂಥ ಕೆಲಸವಿದು.

ಆದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಡ್‌ಗಾರ್ಡಿನ ಸುತ್ತ, ಹಿಂದಿನ ಡೋರಿನ ಕೆಳ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಉಗುರಿನಿಂದ ಒಡೆದರೆ ಕೆಂಪು ನೀರು. ಬಣ್ಣ ಚೆನ್ನಾಗಿರುತ್ತದೆ, ನುಣುಪೂ ಹಾಗೇ ಇರುತ್ತದೆ, ತಗಡು ಮಾತ್ರ ಒಳಗೇ ಕೊಳೆಯುತ್ತಿರುತ್ತದೆ. ಶ್ರಮವೆಲ್ಲ ಕಾಣುವ ನುಣುಪಿಗೆ ಹೋಗಿ, ಬಣ್ಣವನ್ನು ಹಿಡಿದು ನಿಲ್ಲಿಸುವ ಶುಭ್ರವಾದ, ಒಣಗಿದ ತಗಡಿಗೆ ಏನೂ ಉಳಿಯುವುದಿಲ್ಲ. ಈ ಕೆಲಸದ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ತಗಡನ್ನು ಶುಭ್ರಗೊಳಿಸುವುದು ಹೆಗ್ಗನಹಳ್ಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಪೀಣ್ಯದ ಸುತ್ತಿನ ಪೌಡರ್ ಕೋಟಿಂಗ್ ಶೆಡ್ಡುಗಳಲ್ಲಿ ‘ಸೆವೆನ್ ಟ್ಯಾಂಕ್’ ಎಂದರೆ ಹೊಸದಾಗಿ ಸೇರಿದ ಹುಡುಗನಿಗೂ ಗೊತ್ತು: ಎಣ್ಣೆ ಬಿಡಿಸುವುದು, ತೊಳೆಯುವುದು, ಆಸಿಡ್‌ನಲ್ಲಿ ತುಕ್ಕು ತೆಗೆಯುವುದು, ಮತ್ತೆ ತೊಳೆಯುವುದು, ಫಾಸ್ಫೇಟ್ ಹಿಡಿಸುವುದು, ಮತ್ತೊಮ್ಮೆ ತೊಳೆಯುವುದು, ಕೊನೆಗೆ ಪ್ಯಾಸಿವೇಶನ್. ಎಣ್ಣೆ ಬಿಡಿಸುವುದೇ ಮೊದಲು. ಮನೆ ಮುಂದಿನ ಗಾಡಿಗೆ ಮಾತ್ರ ಮೊದಲೇ ಪೇಪರ್ ಬೀಳುತ್ತದೆ, ಮೊದಲ ತಪ್ಪು ಇದೇ. ಲೇತ್ ಮಷೀನಿನ ಚೂರು ಹೊತ್ತು ಕೂಲೆಂಟ್ ಕುಡಿದ ಬಾಡಿ, ವರ್ಷವಿಡೀ ಪೂಜೆಯ ಎಣ್ಣೆ ಕುಂಕುಮ ಮೆತ್ತಿಕೊಂಡ ಮುಂಭಾಗ, ಪಾಲಿಶ್ ಬಳಿದ ಬಂಪರ್, ಇವನ್ನು ತೊಳೆಯದೆ ತಿಕ್ಕಿದರೆ ಜಿಡ್ಡು ಪೇಪರಿನ ಗೀರುಗಳೊಳಗೇ ಸೇರುತ್ತದೆ. ಆಮೇಲೆ ಹೊಡೆದ ಬಣ್ಣ ಅಲ್ಲಲ್ಲಿ ಹಿಂಜರಿದು ಮೀನುಕಣ್ಣಿನಂಥ ಗುಂಡಿ ಬೀಳುತ್ತದೆ. ಸೋಪಿನ ನೀರು, ಆಮೇಲೆ ತಿನ್ನರ್ ಬಟ್ಟೆ, ಆ ಮೇಲಷ್ಟೇ ಪೇಪರ್. ಇದಕ್ಕೆ ಅರ್ಧ ಗಂಟೆಯೂ ಬೇಡ.

ಎರಡನೆಯ ತಪ್ಪು ದೊಡ್ಡದು, ಅದು ನೀರಿನದು. ತಗ್ಗು ತುಂಬುವ ಪಾಲಿಯೆಸ್ಟರ್ ಪಟ್ಟಿ ಹಾರ್ಡನರ್ ಸೇರಿ ಗಟ್ಟಿಯಾಗುತ್ತದೆ. 100 ಗ್ರಾಂ ಪಟ್ಟಿಗೆ ಸುಮಾರು 2 ಗ್ರಾಂ ಸಾಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಮುಂದೆ ಬಣ್ಣದ ಮೇಲೆ ಕಲೆ ಏಳುತ್ತದೆ. ಗಟ್ಟಿಯಾದ ಪಟ್ಟಿ ನೋಡಲು ಕಲ್ಲಿನಂತಿದ್ದರೂ ನೀರು ಹೀರುತ್ತದೆ. ಅದರ ಮೇಲೆ ಮಗ್ಗು ಮಗ್ಗು ನೀರು ಸುರಿದು ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ತಕ್ಷಣ ಪ್ರೈಮರ್ ಹೊಡೆದರೆ ಹೀರಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಗುಳ್ಳೆಗಳ ಮೂಲ ಹೆಚ್ಚಾಗಿ ಇದೇ. ಪಟ್ಟಿಯನ್ನು ನೀರು ಹಾಕದೆಯೇ ತಿಕ್ಕಬೇಕು. ನೀರಿನ ಪೇಪರ್ ಏನಿದ್ದರೂ ಮೇಲಿನ ಸರ್ಫೇಸರಿಗೆ.

ಹಾಗಾದರೆ ಎಲ್ಲವನ್ನೂ ನೀರಿಲ್ಲದೆ ತಿಕ್ಕಬಹುದೇ? ಖಂಡಿತ ಕೂಡದು. ಹಳೇ ಗಾಡಿಗಳ ಹಳದಿ, ಕಿತ್ತಳೆ ಬಣ್ಣಕ್ಕೆ ಬಹುಕಾಲ ಬಳಸಿದ್ದು ಲೆಡ್ ಕ್ರೋಮೇಟ್, ಅಂದರೆ ಸೀಸ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ 2016ರ ಕೇಂದ್ರದ ನಿಯಮ ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ. ಗಾಡಿಯ ಬಣ್ಣ ಅದರ ಹೊರಗೇ ಉಳಿಯಿತು. 20×30 ಅಡಿ ಸೈಟುಗಳ ಈ ಓಣಿಗಳಲ್ಲಿ ಗಾಡಿ ತಿಕ್ಕುವ ಜಾಗ, ಮಕ್ಕಳು ಆಡುವ ಜಾಗ, ಬಟ್ಟೆ ಒಣಹಾಕುವ ಜಾಗ ಎಲ್ಲ ಒಂದೇ. ಸೀಸದ ಧೂಳು ಮಗುವಿನ ಕೈಯಿಂದ ಬಾಯಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಹಾಗಾಗಿ ಹಳೇ ಬಣ್ಣ ತೆಗೆಯುವಾಗ ನೀರು ಇರಲೇಬೇಕು. ಕೆಳಗೆ ಹಳೇ ಫ್ಲೆಕ್ಸ್ ಹಾಸಿ, ಇಳಿದ ರಾಡಿಯನ್ನು ಮೋರಿಗೆ ಬಿಡದೆ ಒಟ್ಟುಮಾಡಿ ಕಟ್ಟಿಡಬೇಕು. ಬರಿದಾದ ತಗಡನ್ನು ಬಿಸಿಲಿಗೆ ಪೂರ್ತಿ ಒಣಗಿಸಿ, ಅವತ್ತೇ ಎಪಾಕ್ಸಿ ಪ್ರೈಮರ್ ಹಿಡಿಸಬೇಕು. ಪಟ್ಟಿ ಅದರ ಮೇಲೆ. ಪಟ್ಟಿಯ ಧೂಳಿನಲ್ಲಿ ಸೀಸವಿರದಿದ್ದರೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮೂಗಿಗೆ ಎನ್95 ಮಾಸ್ಕ್ ಬೇಕು. ಟವೆಲ್ ಸುತ್ತಿಕೊಂಡರೆ ಸಾಲದು.

ಇಷ್ಟಕ್ಕೆಲ್ಲ ಬಿಡುವು ಬೇಕು, ಅದೇ ಇವರ ಹತ್ತಿರ ಇಲ್ಲದ್ದು. ಗಾಡಿ ನಿಂತರೆ ಅವತ್ತಿನ ಬಾಡಿಗೆ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಅದರ ಮೇಲೆ ಆಯುಧಪೂಜೆಗೆ ಗಾಡಿ ಹೊಸದಾಗಿ ಕಾಣಬೇಕೆಂಬ ಆಸೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ತೇವದಲ್ಲಿ ಹೊಡೆದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣದಿಂದ ತಿನ್ನರ್ ಹಾರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಂಜು ಕವಿಯುತ್ತದೆ. ಹಬ್ಬದ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆ ಗಾಡಿಯೇ ಅನ್ನ. ಹಬ್ಬಕ್ಕೆ ತೊಳೆದು ಪಾಲಿಶ್ ಮಾಡಿ ಪೂಜೆ ಮಾಡಲಿ. ಪೇಂಟ್ ಕೆಲಸವನ್ನು ಸಂಕ್ರಾಂತಿ ಕಳೆದ ಮೇಲಿನ ಒಣ ದಿನಗಳಿಗೆ ಇಟ್ಟುಕೊಂಡರೆ ಅದೇ ಶ್ರಮ ಹೆಚ್ಚು ಬಾಳಿಕೆ ಬರುತ್ತದೆ. ಎಫ್‌ಸಿ ತಾರೀಖು ಮೊದಲೇ ಗೊತ್ತಿರುವುದರಿಂದ ಹೀಗೆ ಹೊಂದಿಸಿಕೊಳ್ಳುವುದು ಕಷ್ಟವೂ ಅಲ್ಲ.

ಗನ್ ಕೆಲಸ ಮಾತ್ರ ಓಣಿಯಲ್ಲಿ ಬೇಡವೇ ಬೇಡ. ಈಗ ಎಲ್ಲರೂ ಕೇಳುವ ಪಿಯು (ಪಾಲಿಯುರೆಥೇನ್) ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಸೇರಿದರೆ ಆಸ್ತಮಾ ಅಂಟಿಕೊಳ್ಳಬಹುದು, ಧೂಳಿನ ಮಾಸ್ಕ್ ಅದನ್ನು ತಡೆಯದು. ಪಕ್ಕದ ಮನೆಯ ಕಿಟಕಿ ನಾಲ್ಕಡಿ ದೂರದಲ್ಲಿದೆ. ತಿಕ್ಕುವುದು, ಪಟ್ಟಿ, ಪ್ರೈಮರಿನ ಮೇಲಿನ ಪೇಪರ್ ಎಲ್ಲ ನಿಮ್ಮ ಮನೆ ಮುಂದೆಯೇ ಆಗಲಿ, ಆ ಕೂಲಿ ನಿಮ್ಮಲ್ಲೇ ಉಳಿಯಲಿ. ಬಣ್ಣ ಹೊಡೆಸಲು ದಯವಿಟ್ಟು ಗಾಡಿಯನ್ನು ಬೂತ್ ಇರುವ ಶೆಡ್ಡಿಗೆ ತೆಗೆದುಕೊಂಡು ಹೋಗಿ.